ದಮ್ಮು ಇಳಿಸಿದ ಕೈ

"ಕೈ ಬೆಳಕಿಗೆ ಹಿಡಿ. ನನಗೂ ಕಾಣೋ ಹಾಗೆ ಬಿಚ್ಚು," ಅಂದ ಇನ್‌ಸ್ಪೆಕ್ಟರ್.

ನಾನೇನು ಗಡಿಯಾರ ನುಂಗಿಬಿಡ್ತೀನಾ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಹಲ್ಲು ಕಚ್ಚಿಕೊಂಡು ಮಾವನ ಜೇಬುಗಡಿಯಾರದ ಬೆನ್ನಿನ ಸಂದಿಗೆ ಅಲಗು ಕೊಟ್ಟೆ. ಟಪ್ ಅಂತ ಮುಚ್ಚಳ ಬಾಯಿಬಿಟ್ಟಿತು.

ಮೊನ್ನೆ ಸಂಜೆ ಇದೇ ಗಡಿಯಾರ ರಿಪೇರಿ ಅಂಗಡಿಯ ಮೆಟ್ಟಿಲ ಬುಡದಲ್ಲಿ ಮಾವ ಹೆಣವಾಗಿ ಬಿದ್ದಿದ್ದ. ಅವನ ಜೇಬಿನಲ್ಲಿ ಈ ಗಡಿಯಾರ ಮೂರು ಇಪ್ಪತ್ತಕ್ಕೆ ನಿಂತಿತ್ತು. ಆ ಹೊತ್ತಿನಲ್ಲಿ ಮೇಲಿನ ಕೋಣೆಯಲ್ಲಿ ಅವನ ಜೊತೆ ಜಗಳಕ್ಕೆ ನಿಂತಿದ್ದವನು ನನ್ನ ಅಣ್ಣ.

ಅಣ್ಣ ಈಗ ಲಾಕಪ್ಪಿನಲ್ಲಿದ್ದಾನೆ. ಮಧ್ಯಾಹ್ನ ಕೋರ್ಟಿಗೆ ಕರೆದೊಯ್ಯುತ್ತಾರೆ.

ಮೂರೂವರೆ ದಾಟಿದ ಮೇಲಾದರೆ ಅವನು ಆಸ್ಪತ್ರೆಯ ಹಜಾರದಲ್ಲಿ ಏಣಿ ಹತ್ತಿ ಗೋಡೆ ಗಡಿಯಾರ ಇಳಿಸುತ್ತಿದ್ದ. ರೋಗಿಗಳು, ಡಾಕ್ಟರು, ಕಸ ಗುಡಿಸುವವಳು, ಎಲ್ಲ ನೋಡಿದ್ದಾರೆ. ಅಂದರೆ ಅವನ ಕೊರಳಿಗೆ ಬಿದ್ದಿರುವ ಹಗ್ಗ ಈ ಎರಡು ಮುಳ್ಳು. ಇವು ನಿಜ ಹೇಳುತ್ತಿದ್ದರೆ ಅಣ್ಣ ಹೋದ. ಸುಳ್ಳು ಹೇಳುತ್ತಿದ್ದರೆ ಮನೆಗೆ ಬಂದ.

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದ. ನೋಡಿದವನು ಹಾಗೇ ನಿಂತ.

"ಅಬ್ಬಾ," ಅಂದ. ಅವನ ದನಿಯಲ್ಲಿ ಪೊಲೀಸು ಇರಲಿಲ್ಲ.

ಗುಜರಿಯವನ ಗೋಣಿಚೀಲದಿಂದ ಮಾವ ಎತ್ತಿಕೊಂಡು ಬಂದಾಗ ಇದು ತುಕ್ಕಿನ ಉಂಡೆಯಾಗಿತ್ತು. ಈಗ ಒಳಗೆ ಚಕ್ರಗಳನ್ನು ಹಿಡಿದಿಟ್ಟ ಬಂಗಾರದ ಬಣ್ಣದ ಸೇತುವೆಗಳು, ದಾಳಿಂಬೆ ಕಾಳಿನಂಥ ಕಲ್ಲುಗಳು, ನೀಲಿ ತಿರುಪುಗಳು. ಆ ನೀಲಿ ಬಳಿದದ್ದಲ್ಲ. ಉಕ್ಕನ್ನು ಹಿತ್ತಾಳೆಯ ಪುಡಿಯ ಮೇಲಿಟ್ಟು ಕಾಯಿಸಿದರೆ ಮೊದಲು ಒಣಹುಲ್ಲಿನ ಬಣ್ಣ ಬರುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ, ಆಮೇಲೆ ಈ ನೀಲಿ. ಆ ಕ್ಷಣಕ್ಕೆ ಎತ್ತಬೇಕು. ಕಣ್ಣು ಮಿಟುಕಿಸಿದೆಯೋ, ಬೂದಿ. ಮಾವ ಪ್ರತಿ ತಿರುಪನ್ನೂ ಹಾಗೆ ಕಾಯಿಸಿದ್ದ. ಒಂದಕ್ಕೊಂದು ಬಣ್ಣ ಕೂದಲೆಳೆಯಷ್ಟೂ ಬೇರೆಯಿಲ್ಲ.

"ನಂದು ಸೆಲ್ಲಿಂದಪ್ಪ," ಇನ್‌ಸ್ಪೆಕ್ಟರ್ ತನ್ನ ಮಣಿಕಟ್ಟು ತೋರಿಸಿದ. "ಸತ್ತರೆ ಹೊಸ ಸೆಲ್ಲು ಹಾಕಿದರಾಯ್ತು. ನಿಮ್ಮ ಹಾಗೆ ನಾಡಿ ಹಿಡಿದು ಕೂರೋ ಗೋಜಿಲ್ಲ."

"ಅದು ಸಾಯೋದಿಲ್ಲ ಸಾರ್. ಹುಟ್ಟಿದ್ದರೆ ತಾನೆ ಸಾಯೋಕೆ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಮೆಟ್ಟಿಲ ಬುಡದ ಸ್ಟೂಲಿನ ಮೇಲೆ ಅತ್ತೆ ಕೂತಿದ್ದಳು. ಮಾವನ ಹೆಂಡತಿ. ಆ ದಿನ ತಂಗಿಯ ಮನೆಗೆ ಹೋಗಿ, ಸಂಜೆ ಹಿಂದಿರುಗಿ ಹೆಣ ನೋಡಿದವಳು ಅವಳೇ. ಅವತ್ತಿನಿಂದ ಬಾಯಿಗೆ ಬೀಗ. ನಮ್ಮಮ್ಮ ಹೋದ ಮೇಲೆ ನನ್ನನ್ನೂ ಅಣ್ಣನನ್ನೂ ಸಾಕಿದವಳು ಅಣ್ಣನ ಬಗ್ಗೆ ಒಂದು ಮಾತೂ ಆಡಿಲ್ಲ ಅಂತ ನನಗೆ ಅವಳ ಮೇಲೂ ಸಿಟ್ಟಿತ್ತು.

ಚಿಮುಟ ಎತ್ತಿಕೊಂಡೆ. ನನ್ನ ಕೈ ತಾನಾಗಿ ಒಂದು ಕೆಲಸ ಮಾಡಿತು.

ಮಾವನ ಬೆಂಚಿನಲ್ಲಿ ಕಲಿತ ಯಾರ ಕೈಯೂ ಅದನ್ನೇ ಮಾಡುತ್ತದೆ. ಏನನ್ನೇ ಬಿಚ್ಚುವ ಮೊದಲು ಗಡಿಯಾರದ ದಮ್ಮು ಇಳಿಸಬೇಕು. ಕೀಲಿ ಕೊಟ್ಟಾಗ ಒಳಗಿನ ಸ್ಪ್ರಿಂಗು ಸುತ್ತಿಕೊಂಡು ಕೂತಿರುತ್ತದಲ್ಲ, ಆ ಬಲಕ್ಕೆ ನಮ್ಮ ಅಂಗಡಿಯಲ್ಲಿ ದಮ್ಮು ಅನ್ನುತ್ತೇವೆ. ಕೀಲಿ ಕೊಡುವ ಗುಂಡಿಯನ್ನು, ನಮ್ಮ ಮಾತಲ್ಲಿ ಕಿರೀಟವನ್ನು, ಎರಡು ಬೆರಳಲ್ಲಿ ಹಿಡಿದು, ಹಲ್ಲುಚಕ್ರವನ್ನು ತಡೆದಿರುವ ಕೊಕ್ಕೆಯನ್ನು ಸೂಜಿಯಿಂದ ಸರಿಸಿ, ಕಿರೀಟ ಬೆರಳೊಳಗೇ ಮೆಲ್ಲಗೆ ಹಿಂದಕ್ಕೆ ತಿರುಗಲು ಬಿಡಬೇಕು. ಹಿಡಿದ ಹಕ್ಕಿ ಬಿಡಿಸಿಕೊಳ್ಳಲು ತಿಣುಕುವ ಹಾಗೆ ಬೆರಳಿಗೆ ತಾಗುತ್ತದೆ.

ಕೊಕ್ಕೆ ಸರಿಸಿದೆ. ಬೆರಳಿಗೆ ಏನೂ ತಾಗಲಿಲ್ಲ.

ಇನ್ನೊಮ್ಮೆ ಸರಿಸಿದೆ. ಕಿರೀಟ ಕದಲಲಿಲ್ಲ. ಸ್ಪ್ರಿಂಗಿನಲ್ಲಿ ಉಸಿರೇ ಇಲ್ಲ.

"ಏನು? ಮುಖ ಯಾಕೆ ಹಾಗೆ?"

"ದಮ್ಮಿಲ್ಲ ಸಾರ್."

"ಎರಡು ದಿನ ಆಯ್ತಲ್ಲಯ್ಯ. ಇಳಿದಿರುತ್ತೆ."

"ಇಳಿಯೋಕೆ ಅದು ಓಡಬೇಕಲ್ಲ! ಮಾವ ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತಿದ್ದ ಹಾಗೇ ಕೀಲಿ ಕೊಡ್ತಿದ್ದ. ಮಧ್ಯಾಹ್ನ ಬಿದ್ದು, ಏಟು ತಿಂದು ನಿಂತಿದ್ದರೆ ಮುಕ್ಕಾಲು ದಮ್ಮು ಒಳಗೇ ಕೂತಿರಬೇಕು. ಚಕ್ರ ಸಿಕ್ಕಿಬಿದ್ದ ಮೇಲೆ ಸ್ಪ್ರಿಂಗು ಎಲ್ಲಿಗೆ ಬಿಚ್ಚಿಕೊಳ್ಳುತ್ತೆ? ವರ್ಷ ಬಿಟ್ಟು ತೆಗೆದರೂ ಅಷ್ಟೇ ಇರುತ್ತೆ."

ಇನ್‌ಸ್ಪೆಕ್ಟರ್ ನಗು ನಿಲ್ಲಿಸಿದ. "ಮುಂದೆ."

ಬ್ಯಾಲೆನ್ಸಿನ ಸೇತುವೆಯ ತಿರುಪು ತೆಗೆದೆ. ಬ್ಯಾಲೆನ್ಸ್ ಅಂದರೆ ಗಡಿಯಾರದ ಗುಂಡಿಗೆ. ಅತ್ತಿತ್ತ ತೂಗುವ ಒಂದು ಚಕ್ರ, ಅದರ ಎದೆಯ ಮೇಲೆ ಕೂದಲಿಗಿಂತ ತೆಳ್ಳನೆಯ ಉಕ್ಕಿನ ಸುರುಳಿ. ಸೇತುವೆಯ ಜೊತೆ ಅದನ್ನು ಎತ್ತಿ, ಮಗುಚಿ, ಕಣ್ಣಿಗೆ ಭೂತಗಾಜು ಏರಿಸಿಕೊಂಡು ನೋಡಿದೆ. ಚಕ್ರದ ಅಚ್ಚಿನ ಕೆಳತುದಿ ಮುರಿದಿತ್ತು.

"ನೋಡು ಮತ್ತೆ!" ಅಂದ ಇನ್‌ಸ್ಪೆಕ್ಟರ್. "ಬಿದ್ದ, ಮುರೀತು, ನಿಂತಿತು. ಇದನ್ನೇ ನಮ್ಮ ರೈಟರೂ ಬರೆದಿದ್ದಾರೆ."

"ಮುರಿದ ತುದಿ ಎಲ್ಲಿ?"

"ಹಾಂ?"

"ಕಾಲಿಗೆ ಮುಳ್ಳು ಚುಚ್ಚಿ ಮುರಿದರೆ ತುದಿ ಕಾಲಲ್ಲೇ ಉಳಿಯುತ್ತಲ್ಲ? ಇದೂ ಹಾಗೇ. ಅಚ್ಚಿನ ತುದಿ ಕಲ್ಲಿನ ತೂತಿನಲ್ಲಿ ಕೂತಿರುತ್ತೆ. ಮುರಿದರೆ ಆ ಚೂರು ತೂತಿನ ಎಣ್ಣೆಯಲ್ಲೇ ಅಂಟಿಕೊಂಡು ಉಳೀಬೇಕು. ನೀವೇ ನೋಡಿ."

ಗಾಜು ಅವನ ಕಣ್ಣಿಗೆ ಹಿಡಿದೆ. ಮೊದಲು ಅವನಿಗೆ ಅವನ ರೆಪ್ಪೆ ಮಾತ್ರ ಕಂಡಿತು. ಆಮೇಲೆ ಕಂಡಿರಬೇಕು, ಉಸಿರು ಬಿಗಿಹಿಡಿದ. ಕಲ್ಲು ಖಾಲಿ. ತೂತಿನ ಸುತ್ತ ಒಂದು ತೊಟ್ಟು ಎಣ್ಣೆ ಬೆಳಗಿನ ಇಬ್ಬನಿಯ ಹಾಗೆ ದುಂಡಗೆ ನಿಂತಿತ್ತು. ಯಾರೂ ಕಲಕಿಲ್ಲ. ಮುಚ್ಚಳ, ಹಿಂಬದಿ, ಚಕ್ರಗಳ ನಡುವೆ ಎಲ್ಲ ಹುಡುಕಿದೆ. ಚೂರು ಇಲ್ಲ.

"ಇದು ಇಲ್ಲಿ ಮುರಿದಿದ್ದಲ್ಲ ಸಾರ್. ಬೇರೆ ಎಲ್ಲೋ ಮುರಿದು ಡಬ್ಬಿಯಲ್ಲಿ ಬಿದ್ದಿದ್ದನ್ನ ತಂದು ಕೂರಿಸಿದ್ದಾರೆ. ಇದರ ಸ್ವಂತದ್ದನ್ನ ತೆಗೆದುಬಿಟ್ಟಿದ್ದಾರೆ. ಮುಳ್ಳನ್ನ ಕೈಯಲ್ಲಿ ತಿರುಗಿಸಿ ಮೂರು ಇಪ್ಪತ್ತಕ್ಕೆ ಇಟ್ಟಿದ್ದಾರೆ. ನನ್ನ ಅಣ್ಣನ್ನ ಬಿಡಿ!"

"ಕೂಗಬೇಡ. ಕಿವಿ ಇದೆ." ಅವನು ಗಾಜು ಕೆಳಗಿಟ್ಟ. "ನೀನು ಅವನ ತಮ್ಮ. ತಮ್ಮ ಹೇಳಿದ್ದನ್ನ ಬರೆದುಕೊಂಡು ಹೋದರೆ ಮ್ಯಾಜಿಸ್ಟ್ರೇಟರು ನನ್ನನ್ನೇ ಒಳಗೆ ಹಾಕ್ತಾರೆ. ಈ ಕೆಲಸ ಗೊತ್ತಿರೋ ಇನ್ನೊಬ್ಬ ಬೇಕು. ಅವನು ನೋಡಿ ಹೌದು ಅನ್ನಲಿ, ಈಗಲೇ ಬರ್ಕೊಳ್ತೀನಿ."

ಇನ್ನೊಬ್ಬ ಇದ್ದ. ಆ ಇನ್ನೊಬ್ಬನ ಹೆಸರೆತ್ತಲು ನನ್ನ ನಾಲಿಗೆ ಏಳಲಿಲ್ಲ.

ಯಾಕೆ ಅಂದರೆ, ಬ್ಯಾಲೆನ್ಸ್ ಒಂದನ್ನೇ ಎತ್ತುವುದಾದರೆ ಊರಿನ ಬೇರೆ ಯಾವ ರಿಪೇರಿಯವನೂ ದಮ್ಮು ಇಳಿಸುವುದಿಲ್ಲ. ಇಳಿಸದಿದ್ದರೂ ನಡೆಯುತ್ತದೆ. ಮಾವನ ಬೆಂಚಿನಲ್ಲಿ ಮಾತ್ರ ಅದು ಕಾನೂನು. ಮರೆತಿದ್ದಕ್ಕೆ ಚಿಮುಟದ ಬೆನ್ನಿನಿಂದ ನನ್ನ ಗೆಣ್ಣಿಗೆ ಎಷ್ಟು ಸಲ ಬಿದ್ದಿದೆಯೋ. ಇಷ್ಟು ಜಾಣತನದಿಂದ ಸುಳ್ಳು ಹೊತ್ತು ಕಟ್ಟಿದ ಕೈ, ಎಲ್ಲಕ್ಕಿಂತ ಮೊದಲು ಮರ್ಯಾದೆಯಾಗಿ ದಮ್ಮು ಇಳಿಸಿತ್ತು. ಕಳ್ಳ ಕದ್ದು ಹೊರಡುವಾಗ ಅಭ್ಯಾಸಬಲದಿಂದ ದೀಪ ಆರಿಸಿ ಹೋದ ಹಾಗೆ.

ಇದು ನಮ್ಮ ಬೆಂಚಿನ ಕೈ. ಇಲ್ಲಿ ಕಲಿತವರಲ್ಲಿ ನಾನು ಆ ದಿನ ಊರಲ್ಲೇ ಇರಲಿಲ್ಲ. ಅಣ್ಣ ತನ್ನ ಕೊರಳಿಗೇ ಬೀಳುವ ಹೊತ್ತು ಇಟ್ಟುಕೊಳ್ಳುವಷ್ಟು ಪೆದ್ದನಲ್ಲ.

ಉಳಿದವನು ಅರ್ಧಗಂಟೆ.

ಎದುರು ಸಾಲಿನ ಅಂಗಡಿಯವನು. ಯಾವ ಗಡಿಯಾರ ಕೊಟ್ಟರೂ "ಅರ್ಧ ಗಂಟೆ ಬಿಟ್ಟು ಬನ್ನಿ" ಅನ್ನುತ್ತಾನೆ; ಗಿರಾಕಿಗೆ ಮೊಮ್ಮಕ್ಕಳಾದ ಮೇಲೆ ಕೊಡುತ್ತಾನೆ. ಮಾವನ ಮೊದಲ ಶಿಷ್ಯ. ನಾನು ಹುಟ್ಟುವ ಮೊದಲೇ ಜಗಳ ಮಾಡಿಕೊಂಡು ರಸ್ತೆ ದಾಟಿದವನು, ಮತ್ತೆ ಈ ಕಡೆ ಕಾಲಿಟ್ಟಿಲ್ಲ. ಮಾವನ ಹೆಣ ನೋಡಲೂ ಬಂದಿರಲಿಲ್ಲ.

ಅಣ್ಣನನ್ನು ಉಳಿಸಬೇಕಾದ ಬಾಯಿ ಅವನದು. ಅಣ್ಣನನ್ನು ಸಿಕ್ಕಿಸಿದ ಕೈಯೂ ಅವನದೇ ಅಂತ ನನಗೆ ಅನುಮಾನ.

ಇನ್‌ಸ್ಪೆಕ್ಟರ್ ಬಾಗಿಲಿಗೆ ಹೋಗಿ ಚಪ್ಪಾಳೆ ತಟ್ಟಿ ಕರೆದ.

"ಬಂದೆ ಸಾರ್, ಒಂದು ಅರ್ಧ ಗಂ..."

"ಈಗಲೇ!"

ಬಂದ. ದೊಡ್ಡ ಹೊಟ್ಟೆ, ಮೂಗಿನ ತುದಿಯಲ್ಲಿ ಕನ್ನಡಕ, ಹಣೆಗೆ ಏರಿಸಿದ ಇನ್ನೊಂದು ಕನ್ನಡಕ. ಅತ್ತೆಯನ್ನು ಕಂಡು "ಅತ್ತಿಗೆ" ಅಂದ. ಬೆಂಚಿನ ಮುಂದೆ ಕೂತ. ಮೊಣಕೈ ಊರಿ ಊರಿ ಸವೆದ ಹಲಗೆಯ ಗುಳಿಯಲ್ಲಿ ಅವನ ಮೊಣಕೈ ನೇರ ಹೋಗಿ ಕೂತಿತು. ಅದು ನನ್ನ ಜಾಗ. ಅವನದೂ ಆಗಿತ್ತು ಅಂತ ಆಗ ಗೊತ್ತಾಯಿತು.

ನೋಡಿದ. ಕಲ್ಲು ನೋಡಿದ, ಎಣ್ಣೆ ನೋಡಿದ, ಅಚ್ಚಿನ ಮುರುಕು ನೋಡಿದ. ಕೊಕ್ಕೆ ಸರಿಸಿ ಕಿರೀಟ ಹಿಡಿದ.

"ಹುಡುಗ ಹೇಳಿದ್ದು ಸರಿ ಸಾರ್. ಬಿದ್ದು ನಿಂತಿದ್ದಲ್ಲ. ಬಿಚ್ಚಿ ನಿಲ್ಲಿಸಿದ್ದು."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದ. "ಇದನ್ನೇ ಹೇಳಿಕೆ ಅಂತ ಬರ್ಕೊಳ್ಳಲಾ?"

"ಬರ್ಕೊಳ್ಳಿ."

ಅಲ್ಲಿಗೆ ಅಣ್ಣ ಅರ್ಧ ಹೊರಗೆ ಬಂದ ಹಾಗೆ. ನಾನು ಬಾಯಿ ಮುಚ್ಚಿಕೊಂಡು ನಿಲ್ಲಬೇಕಿತ್ತು. ಕಲ್ಲಿಗೂ ಅಷ್ಟು ಬುದ್ಧಿ ಇರುತ್ತದೆ.

"ಎಷ್ಟು ಬೇಗ ಗೊತ್ತಾಯ್ತು ನಿನಗೆ!" ಅಂದೆ. "ನಿಲ್ಲಿಸಿದವನಿಗೇ ಗೊತ್ತಿರುತ್ತಲ್ಲ."

ಅವನು ನಿಧಾನವಾಗಿ ತಿರುಗಿದ. "ಏನಂದೆ?"

"ದಮ್ಮು ಇಳಿಸಿ ಬಿಚ್ಚೋ ಅಭ್ಯಾಸ ಈ ಬೆಂಚಿನದು. ಇಲ್ಲಿ ಕಲಿತವರಲ್ಲಿ ಮಾವನ ಮೇಲೆ ಹಲ್ಲು ಮಸೀತಿದ್ದವನು ನೀನೊಬ್ಬನೇ. ಹೊಟ್ಟೆಕಿಚ್ಚಿಗೆ ಬೆಂದು ಬೆಂದು ಕೊನೆಗೆ..."

"ಬಾಯಿ ತೊಳ್ಕೊಂಡು ಮಾತಾಡು. ನೀನು ತೊಟ್ಟಿಲಲ್ಲಿ ಉಚ್ಚೆ ಹುಯ್ಕೊಳ್ತಿದ್ದಾಗ ನಾನು ಗಡಿಯಾರ ಬಿಚ್ಚಿ ಕೂಡಿಸ್ತಿದ್ದೆ."

"ಕೂಡಿಸಿದ್ದು ಯಾವುದಾದರೂ ಓಡಿದ್ದಿದ್ದರೆ ಹೇಳು!"

"ಇಬ್ಬರೂ ಸುಮ್ಮನಿರಿ," ಅಂದ ಇನ್‌ಸ್ಪೆಕ್ಟರ್. ಆದರೆ ಪೆನ್ನು ನಿಲ್ಲಿಸಿ ಅರ್ಧಗಂಟೆಯ ಮುಖವನ್ನೇ ನೋಡತೊಡಗಿದ. "ಹುಡುಗನ ಪ್ರಶ್ನೆಗೆ ಉತ್ತರ ಹೇಳು. ನೀನಲ್ಲ ಅಂತ ಹೇಗೆ ನಂಬಲಿ?"

ಅರ್ಧಗಂಟೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಾಯೆನಿಸುತ್ತಿತ್ತು. ಬ್ಯಾಲೆನ್ಸನ್ನು ಸೇತುವೆಯಿಂದ ಬಿಡಿಸಿ, ಸುರುಳಿಯ ಹೊರತುದಿಯನ್ನು ಚಿಮುಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ. ಚಕ್ರ ಕೆಳಗೆ ಇಳಿಬಿದ್ದು ತೂಗಿತು. ಸುರುಳಿ ಹಿಗ್ಗಿತು, ಕುಗ್ಗಿತು.

"ಇಲ್ಲಿ ನೋಡಿ ಸಾರ್. ನೀನೂ ನೋಡೋ, ಬಾಯಿಬಡುಕ. ಸುರುಳಿಯ ಕೊನೆ ಸುತ್ತು ಮೇಲೆದ್ದು, ಒಳಗೆ ಬಾಗಿ ಬಂದಿದೆ, ಕಾಣ್ತಾ? ಬಾಗಿಸದೆ ಚಪ್ಪಟೆ ಬಿಟ್ಟರೆ ಸುರುಳಿ ಒಂದೇ ಮಗ್ಗುಲಿಗೆ ಉಬ್ಬುತ್ತೆ, ಗಡಿಯಾರ ನಿಂತಾಗ ಒಂದು ಹೊತ್ತು, ಮಲಗಿದಾಗ ಒಂದು ಹೊತ್ತು ಹೇಳುತ್ತೆ. ಹೀಗೆ ಬಾಗಿಸಿದರೆ ಸುತ್ತಲೂ ಸಮ ಉಸಿರಾಡುತ್ತೆ. ಅದನ್ನ ಯಾವ ಯಂತ್ರವೂ ಇಲ್ಲದೆ ಬರೀ ಎರಡು ಚಿಮುಟದಲ್ಲಿ ಬಾಗಿಸಬೇಕು. ಉಕ್ಕು ತಪ್ಪು ಮರೆಯೋದಿಲ್ಲ. ಒಂದು ಸಲ ತಪ್ಪಿದರೆ ಅದು ಗಂಟಾಗಿ ಅಲ್ಲೇ ಕೂರುತ್ತೆ. ಈ ಬಾಗಿನಲ್ಲಿ ಒಂದು ಗಂಟು ತೋರಿಸು."

ತೋರಿಸಲು ಏನೂ ಇರಲಿಲ್ಲ. ನೀರಿನ ಮೇಲೆ ಬೆರಳಿನಿಂದ ಬರೆದ ಗೆರೆ ಹಾಗೇ ಉಳಿದುಬಿಟ್ಟ ಹಾಗಿತ್ತು.

"ಇಷ್ಟು ಚೆಂದ ಬಾಗಿಸೋ ಕೈ ನಂದಾಗಿದ್ದರೆ ಎದುರಂಗಡಿಯಲ್ಲಿ ಸೆಲ್ಲು ಬದಲಾಯಿಸ್ತಾ ಕೂರ್ತಿದ್ನಾ?"

"ಇದು ಮಾವನ ಕೆಲಸ," ಅಂದೆ. "ಮೇಲಿನ ಕೋಣೆಯ ಕೆಲಸ. ನಿನ್ನದು ಅಂತ ಯಾರು ಹೇಳಿದರು? ನೀನು ಕೂರಿಸಿದೆ ಅಂದೆ, ಅಷ್ಟೆ."

ಮೇಲಿನ ಕೋಣೆಯ ಕೆಲಸ ಅಂದರೆ ದೂರದೂರದ ಊರುಗಳ ಅಂಗಡಿಯವರಿಗೂ ಗೊತ್ತು. ಎಲ್ಲೂ ಆಗದ ಸುರುಳಿಗಳು ಇಲ್ಲಿಗೆ ಬರುತ್ತಿದ್ದವು. ಮಾವ ಅವನ್ನು ಡಬ್ಬಿಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದ, ಮರುದಿನ ಉಸಿರಾಡುವ ಸುರುಳಿ ಹಿಡಿದು ಇಳಿಯುತ್ತಿದ್ದ. ಕೆಲಸದ ಹೊತ್ತಿನಲ್ಲಿ ಯಾರೂ ಮೇಲೆ ಹೋಗುವ ಹಾಗಿಲ್ಲ. ಆ ಒಂದು ವಿದ್ಯೆ ಯಾರಿಗೂ ಕಲಿಸಲಿಲ್ಲ. ಅಣ್ಣ ಜಗಳಕ್ಕೆ ನಿಂತಿದ್ದೂ ಅದಕ್ಕೇ. "ಕಲಿಸ್ತೀಯೋ, ಇಲ್ಲಾ ಹೊತ್ಕೊಂಡೇ ಸಾಯ್ತೀಯೋ" ಅಂತ ಅವನು ಕೂಗಿದ್ದು ಪಕ್ಕದ ದರ್ಜಿಯ ಕಿವಿಗೆ ಬಿದ್ದು, ದರ್ಜಿ ಅದಕ್ಕೆ ಕೈ ಕಾಲು ಹೊಲಿದು ಪೊಲೀಸರಿಗೆ ಕೊಟ್ಟಿದ್ದ.

ಅರ್ಧಗಂಟೆ ತಲೆಯಾಡಿಸಿದ. "ನಾನೂ ಅದಕ್ಕೇ ಜಗಳ ಮಾಡ್ಕೊಂಡು ಹೋಗಿದ್ದು. ಕಲಿಸು ಅಂತ ಕಾಲು ಹಿಡಿದೆ. ಒಂದು ದಿನ ಸಿಟ್ಟಿಗೆದ್ದು ನನ್ನ ಕಣ್ಣ ಮುಂದೇನೇ, ಇದೇ ಬೆಂಚಲ್ಲಿ ಒಂದನ್ನ ಬಾಗಿಸಿದ. ಬಾಗು ದುಂಡಗೆ ಬರದೆ ಮೊಣಕೈ ಹಾಗೆ ಗಂಟುಬಿತ್ತು. ಇನ್ನೊಂದು ತಗೊಂಡ, ಅದಕ್ಕೂ ಮೊಣಕೈ. ಎರಡನ್ನೂ ಕಸಕ್ಕೆ ಎಸೆದು ನನ್ನನ್ನ ಹೊರಗೆ ಹಾಕಿದ. ಬೇಕಂತಲೇ ಕೆಡಿಸಿದ, ಕಲಿಸಬಾರದು ಅಂತ ಕೆಡಿಸಿದ ಅಂದ್ಕೊಂಡೇ ಇಷ್ಟು ವರ್ಷ ರಸ್ತೆಯ ಆ ಕಡೆ ಕೂತಿದ್ದೆ." ಸುರುಳಿ ಇನ್ನೂ ಅವನ ಚಿಮುಟದಲ್ಲಿ ಮೆಲ್ಲಗೆ ತೂಗುತ್ತಿತ್ತು. "ಇದನ್ನ ಇವತ್ತು ಗಾಜಲ್ಲಿ ನೋಡ್ತಿದ್ದ ಹಾಗೆ ಗೊತ್ತಾಯ್ತು. ಇದು ಅವನ ಕೈ ಅಲ್ಲವೇ ಅಲ್ಲ. ಅವನಿಗೇ ಬರ್ತಿರಲಿಲ್ಲ ಕಣೋ."

ಚಿಮುಟ ಬೆಂಚಿನ ಬಟ್ಟೆಯ ಮೇಲೆ ಇಳಿಸಿದ.

ಮಾವನಿಗೆ ಬರ್ತಿರಲಿಲ್ಲ! ಸತ್ತವನ ಬೆಂಚಿನಲ್ಲಿ ಕೂತು, ಸತ್ತವನ ಹೆಂಡತಿಯ ಎದುರಿಗೆ! ನನ್ನ ಮುಷ್ಟಿ ಬೆಂಚಿಗೆ ಬಿದ್ದಿದ್ದು ನನಗೇ ಗೊತ್ತಾಗಲಿಲ್ಲ.

ತಿರುಪುಗಳು ಹಾರಿದವು. ಬ್ಯಾಲೆನ್ಸ್ ನೆಗೆದು, ಉರುಳಿ, ಎಣ್ಣೆ ಬಟ್ಟಲಿಗೆ ಬಡಿದು ಮಗುಚಿ ಬಿತ್ತು.

ಅರ್ಧಗಂಟೆ ಅದನ್ನು ಎತ್ತಿದ. ಸುರುಳಿ ಇರಲಿಲ್ಲ. ಸುರುಳಿಯಿದ್ದ ಜಾಗದಲ್ಲಿ ಜೇಡನೂ ನಾಚುವಂಥ ಒಂದು ಸಿಕ್ಕು. ಸುತ್ತಿನೊಳಗೆ ಸುತ್ತು ಹೊಕ್ಕಿತ್ತು. ಆ ಬಾಗು ಮಡಚಿ ಕೆಳಗೆ ಸಿಕ್ಕಿಕೊಂಡಿತ್ತು.

"ಮುಗೀತು," ಅಂದ ಅವನು.

"ಏನು ಮುಗೀತು?" ಇನ್‌ಸ್ಪೆಕ್ಟರ್ ಎದ್ದು ನಿಂತ.

"ಕೈ ಗುರುತು ಸಾರ್. ಆ ಬಾಗೇ ರುಜು ಇದ್ದ ಹಾಗೆ. ಇನ್ನು ಯಾರದು ಅಂತ ಯಾರಿಗೆ ತೋರಿಸೋದು? ಇದನ್ನ ಬಿಡಿಸೋಕೆ ನನ್ನಿಂದಾಗಲ್ಲ. ನನಗೆ ಗೊತ್ತಿರೋ ಯಾರಿಂದಲೂ ಆಗಲ್ಲ."

ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದ. ದನಿ ಏರಿಸಲಿಲ್ಲ. "ಆರೋಪಿಯ ತಮ್ಮ ಪೊಲೀಸರ ಎದುರಿಗೇ ಸಾಕ್ಷಿ ನಾಶ ಮಾಡಿದ. ಕೋರ್ಟಲ್ಲಿ ಇದನ್ನೇ ಹೇಳ್ತೀನಿ. ಬೇರೆ ಏನು ಹೇಳಲಿ, ನೀನೇ ಹೇಳು."

ಅಣ್ಣನ ಮುಖ ಕಣ್ಣ ಮುಂದೆ ಬಂತು. ಸಿಟ್ಟು ಬಂದಾಗ ಕೈ ಕಟ್ಟಿಕೊಂಡು ನಿಲ್ಲು ಅಂತ ನನಗೆ ಹೇಳಿ ಹೇಳಿ ಸಾಕಾದವನು ಅವನು. ಅವನನ್ನು ಹೊರಗೆ ತರಲು ಹೋದವನು ನಾನೇ ಬಾಗಿಲು ಎಳೆದುಕೊಂಡೆ.

ಸ್ಟೂಲು ಕಿರ್ ಅಂತು.

ಅತ್ತೆ ಎದ್ದಿದ್ದಳು. ಬಂದು ಅರ್ಧಗಂಟೆಯ ಪಕ್ಕ ನಿಂತಳು. "ಏಳಪ್ಪ ಸ್ವಲ್ಪ," ಅಂದಳು. ಎರಡು ದಿನದಲ್ಲಿ ಅವಳ ಮೊದಲ ಮಾತು.

ಅವನು ಎದ್ದ. ಅವಳು ಕೂತಳು. ಮೊಳೆಗೆ ತೂಗುಹಾಕಿದ್ದ ಮಾವನ ಕಣ್ಣುಗಾಜು ತೆಗೆದು ತಲೆಗೆ ಹಾಕಿಕೊಂಡಳು. ಅದರ ತಂತಿಯನ್ನು ನಾನು ಎಷ್ಟೋ ಸಲ ಹಾಕಿ ನೋಡಿದ್ದೇನೆ, ನನ್ನ ತಲೆಗೂ ಅಣ್ಣನ ತಲೆಗೂ ಬಿಗಿ. ಅವಳ ತಲೆಗೆ ಎಲ್ಲೂ ಸರಿಪಡಿಸಬೇಕಾಗಲಿಲ್ಲ.

"ದೀಪ ಆ ಕಡೆ. ಇನ್ನೂ. ಸಾಕು. ಎಲ್ಲರೂ ಒಂದು ಹೆಜ್ಜೆ ಹಿಂದೆ ನಿಲ್ಲಿ, ನಿಮ್ಮ ಉಸಿರು ಇದಕ್ಕೆ ಬಿರುಗಾಳಿ."

ಹಿಂದೆ ಸರಿದೆವು, ಇನ್‌ಸ್ಪೆಕ್ಟರ್ ಸಹ.

ಎಣ್ಣೆ ಹಾಕುವ ಸೂಜಿಗಳಲ್ಲಿ ಅತಿ ಸಣ್ಣದನ್ನು ಆರಿಸಿ, ಬಟ್ಟೆಯಲ್ಲಿ ಒರೆಸಿಕೊಂಡಳು. ಸಿಕ್ಕನ್ನು ಹೊರಗಿನಿಂದ ಮುಟ್ಟಲೇ ಇಲ್ಲ. ನಾನಾಗಿದ್ದರೆ ಅಲ್ಲಿಂದಲೇ ಎಳೆಯುತ್ತಿದ್ದೆ. ಅವಳು ಸೂಜಿಯನ್ನು ನಟ್ಟನಡುವೆ, ಸುರುಳಿ ಹುಟ್ಟುವ ಜಾಗದಲ್ಲಿ ಇಳಿಸಿದಳು. ಸೂಜಿ ಕದಲಿಸಲಿಲ್ಲ, ಎಡಗೈಯಲ್ಲಿ ಚಕ್ರವನ್ನು ತಿರುಗಿಸಿದಳು. ಚಕ್ರ ತಿರುಗಿದ ಹಾಗೆ ಸೂಜಿ ಸುತ್ತಿನಿಂದ ಸುತ್ತಿಗೆ ತಾನೇ ದಾರಿ ಹುಡುಕಿಕೊಂಡು ಹೊರಗೆ ನಡೆಯಿತು. ಅದು ದಾಟಿದ ಮೇಲೆ ಒಂದೊಂದೇ ಸುತ್ತು ತನ್ನ ಜಾಗಕ್ಕೆ ಜಾರಿ ಬಿತ್ತು. ಸದ್ದಿಲ್ಲ.

ಉಸಿರು ಬಿಡುವಳು, ಬಿಟ್ಟು ತಡೆಯುವಳು, ಆ ತಡೆದ ಹೊತ್ತಿನಲ್ಲಿ ಮಾತ್ರ ಬೆರಳು ಆಡುತ್ತಿತ್ತು. ನಾನು ಎಳೆಯವನಾಗಿದ್ದಾಗ ಈ ಬೆರಳು ನನ್ನ ಬಾಯಿಗೆ ತುತ್ತು ಇಟ್ಟಿದೆ. ನಾನು ಅವನ್ನು ಒಂದು ದಿನವೂ ನೋಡಿರಲಿಲ್ಲ.

"ಅಮ್ಮಾ, ಇಷ್ಟು ಸಿಕ್ಕು..." ಇನ್‌ಸ್ಪೆಕ್ಟರ್ ಪಿಸುಗುಟ್ಟಿದ. ಟೋಪಿ ಯಾವಾಗ ತೆಗೆದನೋ, ಕೈಯಲ್ಲಿತ್ತು.

"ಇವನ ತಲೆಗೂದಲು ಇದಕ್ಕಿಂತ ಸಿಕ್ಕು. ಅದು ಅಳ್ತಾನೂ ಇತ್ತು," ಅಂದಳು ಅತ್ತೆ, ಕಣ್ಣೆತ್ತದೆ.

ಕೊನೆಗೆ ಆ ಬಾಗು ಉಳಿಯಿತು. ಮಡಚಿ ಹೋದ ಬಾಗು. ಎರಡು ಚಿಮುಟ ತೆಗೆದುಕೊಂಡಳು. ಮಡಚಿದ್ದನ್ನು ಎದುರು ದಿಕ್ಕಿಗೆ ತಳ್ಳುತ್ತಾಳೆ ಅಂದುಕೊಂಡೆ. ತಳ್ಳಲಿಲ್ಲ. ಅದು ಯಾವ ಕಡೆ ಮಡಚಿತ್ತೋ ಆ ಕಡೆಗೇ ಇನ್ನೊಂದು ಕೂದಲಷ್ಟು ಕರೆದುಕೊಂಡು ಹೋಗಿ, ಅಲ್ಲಿ ಬಿಟ್ಟಳು. ಉಕ್ಕು ತಾನಾಗಿ ಮರಳಿತು. ಒಂದು ಚಿಮುಟದಲ್ಲಿ ಹಿಡಿದು, ಇನ್ನೊಂದರ ಒಳಮೈಯಿಂದ ಸವರಿದಳು. ಮತ್ತೆ ಸವರಿದಳು. ಅಷ್ಟೇ. ಒತ್ತಿದ ಹಾಗೂ ಕಾಣಲಿಲ್ಲ.

ಸುರುಳಿಯ ತುದಿ ಹಿಡಿದು ಮೇಲೆತ್ತಿದಳು. ಚಕ್ರ ಇಳಿಬಿದ್ದು ತೂಗಿತು. ಸುತ್ತುಗಳು ಹಿಗ್ಗಿದವು, ಕುಗ್ಗಿದವು. ಎಲ್ಲ ಕಡೆಗೂ ಸಮ.

ಅರ್ಧಗಂಟೆ ತನ್ನ ಗಾಜು ಏರಿಸಿಕೊಂಡು ಬಗ್ಗಿದ. ತುಂಬ ಹೊತ್ತು ನೋಡಿದ. ಎದ್ದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಅದೇ ಬಾಗು," ಅಂದ. "ಕೆಡುವ ಮೊದಲು ಇದ್ದಿದ್ದೇ. ಗಂಟಿಲ್ಲ." ಆಮೇಲೆ ಅವಳಿಗೆ, "ಎಷ್ಟು ವರ್ಷದಿಂದ ಅತ್ತಿಗೆ?"

"ಅವರು ಮೊದಲನೇ ಡಬ್ಬಿ ಮೇಲೆ ತಂದ ದಿನದಿಂದ. ಸಿಟ್ಟಿನಲ್ಲಿ ಗೋಡೆಗೆ ಎಸೆದರು. ನಾನು ಎತ್ತಿ ಬಿಡಿಸಿ ಕೊಟ್ಟೆ. ಹೊರಗೆ ಹೇಳಬೇಡ ಅಂದರು. ಹೇಳಲಿಲ್ಲ." ಬ್ಯಾಲೆನ್ಸನ್ನು ಬಟ್ಟೆಯ ಮೇಲೆ ಮಲಗಿಸಿದಳು. "ನೀನು ಹೋದ ದಿನ ಅವರು ಊಟ ಮಾಡಲಿಲ್ಲ ಕಣಪ್ಪ. ಅದನ್ನೂ ಹೇಳಬೇಡ ಅಂದಿದ್ದರು."

ನನಗೆ ಆಗಲೇ ಹೊಳೆದಿತ್ತು. ಬಾಗು ಅವಳದಾದರೆ, ಈ ಬೆಂಚಿನ ಅಭ್ಯಾಸಗಳೆಲ್ಲ ಅವಳಿಗೂ ಇದ್ದರೆ. ನಾನು ಮೂವರನ್ನು ಎಣಿಸಿದ್ದೆ. ನಾಲ್ಕನೆಯವಳು ಅಷ್ಟು ಹೊತ್ತೂ ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು.

"ಅತ್ತೆ, ಸುಮ್ಮನಿರು," ಅಂದೆ. "ಇನ್ನೊಂದು ಮಾತು ಆಡಬೇಡ."

"ಸುಮ್ಮನಿದ್ದಿದ್ದಕ್ಕೇ ದೊಡ್ಡವನು ಅಲ್ಲಿ ಕೂತಿದ್ದಾನೆ." ಗಾಜು ತೆಗೆದು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಬರ್ಕೊಳ್ಳಿ. ಗಡಿಯಾರದ ಸ್ವಂತ ಬ್ಯಾಲೆನ್ಸ್ ತೆಗೆದು ಇದನ್ನ ಕೂರಿಸಿದ್ದು ನಾನು. ಮುಳ್ಳು ಮೂರು ಇಪ್ಪತ್ತಕ್ಕೆ ಇಟ್ಟಿದ್ದೂ ನಾನು. ಆ ಹೊತ್ತು ಸುಳ್ಳು. ನನ್ನ ಹುಡುಗನ್ನ ಬಿಡಿ."

ಪೆನ್ನು ಕಾಗದದ ಮೇಲೆ ಓಡಿತು.

"ಅವರು ಬಿದ್ದ ಮೇಲೆ ಜೇಬಿನಿಂದ ತೆಗೆದಿರಾ?" ಇನ್‌ಸ್ಪೆಕ್ಟರ್ ತಲೆಯೆತ್ತದೆ ಕೇಳಿದ.

"ನಾನು ತೆಗೆಯಲಿಲ್ಲ. ಅವರೇ ತೆಗೆದು ಕೈಗೆ ಕೊಟ್ಟರು."

ಪೆನ್ನು ತಡವರಿಸಿತು. "ಬದುಕಿದ್ದಾಗ?"

"ಪಕ್ಕದಲ್ಲೇ ಕೂತಿದ್ದರು. ಮುರಿದಿದ್ದನ್ನ ಡಬ್ಬಿಯಿಂದ ಆರಿಸಿ ಕೊಟ್ಟಿದ್ದೂ ಅವರೇ. ಮುಳ್ಳು ಎಲ್ಲಿ ನಿಲ್ಲಬೇಕು ಅಂತ ಬೆರಳಿಟ್ಟು ತೋರಿಸಿದರು. ಯಾಕೆ ಅಂತ ಕೇಳಿದೆ. ತಮಾಷೆ ಅಂದರು. ಆಮೇಲೆ ಗಡಿಯಾರ ಜೇಬಿಗೆ ಹಾಕ್ಕೊಂಡು, ದೊಡ್ಡವನಿಗೆ ಮೂರು ಗಂಟೆಗೆ ಬಾ ಅಂತ ಹೇಳಿಕಳಿಸಿದರು, ನನ್ನನ್ನ ತಂಗಿ ಮನೆಗೆ ಕಳಿಸಿದರು."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟ.

"ನಿಲ್ಲಿ, ನಿಲ್ಲಿ. ಅಂದರೆ ಸಾಯೋ ಹೊತ್ತನ್ನ ಅವರೇ ಇಟ್ಟುಕೊಂಡು, ಹುಡುಗನ್ನ ಆ ಹೊತ್ತಿಗೇ ಕರೆಸಿಕೊಂಡರಾ? ನೀವು ಮುಳ್ಳನ್ನ ಮೂರು ಇಪ್ಪತ್ತಕ್ಕೆ ಇಟ್ಟಾಗ, ನಿಜವಾಗಿ ಗಂಟೆ ಎಷ್ಟಾಗಿತ್ತಮ್ಮ?"

ಅತ್ತೆ ಗೋಡೆಯ ಗಡಿಯಾರಗಳ ಕಡೆ ನೋಡಿದಳು. ಎಲ್ಲ ಒಂದೇ ಸಮ ಬಡಿದುಕೊಳ್ಳುತ್ತಿದ್ದವು.

"ಮಧ್ಯಾಹ್ನ ಇನ್ನೂ ಒಂದು ಗಂಟೆಯೂ ಹೊಡೆದಿರಲಿಲ್ಲ," ಅಂದಳು.